ಹಳೆಯ ಆಟ, ಹೊಸ ಯಂತ್ರ

ಜಪಾನು ದೇಶದಲ್ಲಿ 1988ನೆಯ ಇಸವಿಯ ಫೆಬ್ರವರಿ 10ರಂದು ಹೊರಬಿದ್ದ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಯಂತ್ರದಾಟದ ಮೂರನೆಯ ಭಾಗವು, 36 ವರ್ಷಗಳ ತರುವಾಯ 2024ರ ನವೆಂಬರ 14ರಂದು ಹೊಸ ರೂಪ ತಾಳಿ ಮರಳಿ ಬಂದಿತು. ಈಗಿನ ಕೈಯಂತ್ರಗಳಲ್ಲಿಯೂ ಆಡಲು ದೊರೆಯಿತು. ಮೊದಲಿನೆರಡು ಭಾಗಗಳೂ 2025ರ ಅಕ್ಟೋಬರ 30ರಂದು ಅದೇ ಬಗೆಯಲ್ಲಿ ಪುನರ್ಜನ್ಮ ಪಡೆದುವು. ಹುಡುಗರ ಆಟದ ಈ ಸುದ್ದಿಗೂ ಸಂಪಾದಕೀಯ ಪುಟಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ಒಂದು ಜನಾಂಗವು ತನ್ನ ಹಳೆಯ ಸೊತ್ತನ್ನು ಹೊಸ ಕಾಲಕ್ಕೆ ಹೇಗೆ ಸಾಗಿಸಬೇಕೆಂಬುದನ್ನು ಈ ಆಟವು ಕಲಿಸುತ್ತದೆ. ಆ ಪಾಠವು ಚಂದಾಪುರ, ಚಿಂಚೋಳಿ, ಸೇಡಂ, ಚಿತ್ತಾಪುರಗಳ ಜನರಿಗೂ ಸಲ್ಲತಕ್ಕದ್ದಾಗಿದೆ.

ಇದು ಪಾತ್ರಧಾರಣೆಯ ಆಟ. ಆಡುವವನು ಕಥಾನಾಯಕನ ವೇಷ ತೊಟ್ಟು ಊರೂರು ಅಲೆಯುತ್ತಾನೆ, ಕಂಡವರೊಡನೆ ಮಾತನಾಡುತ್ತಾನೆ, ಸಂಗಾತಿಗಳನ್ನು ಕೂಡಿಸಿಕೊಂಡು ದುಷ್ಟಶಕ್ತಿಗಳನ್ನು ಎದುರಿಸುತ್ತಾನೆ. ಕಥೆಯನ್ನು ಹೆಣೆದವರು ಯೂಜಿ ಹೋರಿಯಿ. ಚಿತ್ರಗಳನ್ನು ಬರೆದವರು ಅಕಿರಾ ತೊರಿಯಾಮ. ಸಂಗೀತ ಕೊಟ್ಟವರು ಕೊಯಿಚಿ ಸುಗಿಯಾಮ. 1986ರಲ್ಲಿ ಮೊದಲನೆಯ ಭಾಗವು ಬಂದಾಗ ಅದರ ಸಮಸ್ತವೂ 64 ಕಿಲೋಬೈಟುಗಳೊಳಗೆ ಅಡಗಬೇಕಾಗಿತ್ತು. ಸ್ಥಳ ಸಾಲದೆ, ಜಪಾನೀ ಕತಕಾನ ಲಿಪಿಯ ಅಕ್ಷರಗಳಲ್ಲಿ 20ನ್ನು ಮಾತ್ರ ಆರಿಸಿಕೊಂಡು, ಅವುಗಳಿಂದಲೇ ಆಗುವಂತಹ ಹೆಸರುಗಳನ್ನು ಕಲ್ಪಿಸಿದರು. ಆಟವನ್ನು ನಿಲ್ಲಿಸಿದಲ್ಲಿಂದ ಮುಂದುವರಿಸುವುದಕ್ಕೆ ಯಂತ್ರದಲ್ಲಿ ನೆನಪಿನ ಅನುಕೂಲವಿಲ್ಲದ್ದರಿಂದ, 20 ಅಕ್ಷರಗಳ ಒಂದು ‘ಪುನರುಜ್ಜೀವನದ ಮಂತ್ರ’ವನ್ನು ತೋರಿಸುತ್ತಿದ್ದರು. ಹುಡುಗರು ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಒಂದು ಅಕ್ಷರ ತಪ್ಪಿದರೂ ಪಟ್ಟ ಶ್ರಮವೆಲ್ಲ ವ್ಯರ್ಥ. ಇಂತಹ ಇಕ್ಕಟ್ಟಿನಲ್ಲಿಯೂ ಅವರು ತಮ್ಮ ಕಥೆಯನ್ನು ಪರಭಾಷೆಗೆ ಒಪ್ಪಿಸಲಿಲ್ಲ. ಈ ಮಾತನ್ನು ನಾವು ವಿಶೇಷವಾಗಿ ಗಮನಿಸಬೇಕು.

ಪುನರ್ನಿರ್ಮಾಣದಲ್ಲಿ ಏನನ್ನು ಮಾರ್ಪಡಿಸಿದರು? ಚಿತ್ರಗಳಿಗೆ ಆಳವನ್ನೂ ಬೆಳಕನ್ನೂ ಕೊಟ್ಟರು. ಸಂಗೀತವನ್ನು ತುಂಬು ವಾದ್ಯಮೇಳದಿಂದ ನುಡಿಸಿದರು. ಆಟವು ತಾನಾಗಿಯೇ ಉಳಿದುಕೊಳ್ಳುವ ಏರ್ಪಾಡು ಮಾಡಿದರು. ಎಳೆಯರಿಗೂ ಪಳಗಿದವರಿಗೂ ಬೇರೆ ಬೇರೆ ಕಠಿನತೆಗಳನ್ನು ಇಟ್ಟರು. ಏನನ್ನು ಉಳಿಸಿದರು? ಕಥೆಯ ಬೆನ್ನೆಲುಬನ್ನು ಉಳಿಸಿದರು. ಸರದಿಯಂತೆ ನಿಂತು, ಯೋಚಿಸಿ ಕಾದುವ ಯುದ್ಧಕ್ರಮವನ್ನು ಉಳಿಸಿದರು. ಪಾತ್ರೆ ಹೊಸದಾಯಿತು, ಪದಾರ್ಥವು ಕೆಡಲಿಲ್ಲ. ಕೆಲಸದ ಯಜಮಾನಿಕೆಯೂ ಆಟವನ್ನು ಹೆತ್ತವರ ಕೈಯಲ್ಲಿಯೇ ಉಳಿಯಿತು.

ಇನ್ನು ನಮ್ಮ ಕಥೆಯನ್ನು ನೋಡೋಣ. ನಮ್ಮ ದೇಶದ ಪಗಡೆ, ಪಚ್ಚೀಸುಗಳ ಬಳಗದ ಆಟವು ಇಂಗ್ಲೆಂಡಿಗೆ ಹೋಗಿ, ಕವಡೆಗಳನ್ನು ಕಳೆದುಕೊಂಡು, ಆರು ಮುಖದ ದಾಳವನ್ನು ಹಿಡಿದು, 1896ರಲ್ಲಿ ‘ಲೂಡೊ’ ಎಂಬ ಹೆಸರಿನ ಪೇಟೆಂಟಾಯಿತು. ಆ ಶಬ್ದವು ಲ್ಯಾಟಿನ್ನಿನದು. ‘ನಾನು ಆಡುತ್ತೇನೆ’ ಎಂದರ್ಥ. ಆಡಿದವರು ನಾವು, ಹೆಸರಿಟ್ಟವರು ಅವರು! ಪಾಪಪುಣ್ಯಗಳನ್ನು ಬೋಧಿಸುತ್ತಿದ್ದ ಪರಮಪದದ ಪಟವೂ ಅಲ್ಲಿಗೆ ಹೋಗಿ ಬರಿಯ ಹಾವು-ಏಣಿಯಾಯಿತು. ಲೂಡೊ ನಮ್ಮಲ್ಲಿಗೆ ಪರದೇಶದ ಆಟದಂತೆ ಮರಳಿ, 2016ರಲ್ಲಿ ‘ಲೂಡೊ ಕಿಂಗ್’ ಎಂಬುದಾಗಿ ದೂರವಾಣಿಯನ್ನು ಸೇರಿತು. 2020ರ ದಿಗ್ಬಂಧನದಲ್ಲಿ ಮನೆಮನೆಗಳಲ್ಲಿ ಅದನ್ನು ಆಡಿದವರಲ್ಲಿ ಎಷ್ಟು ಮಂದಿಗೆ, ಇದು ತಮ್ಮ ಅಜ್ಜಿಯ ಆಟದ ಮೊಮ್ಮಗುವೆಂಬುದು ಹೊಳೆದಿತ್ತು?

ಹೆಸರು ಹೋದರೆ ಹೋಗಲಿ, ಆಟ ಉಳಿಯಿತಲ್ಲವೆ ಎನ್ನುವವರುಂಟು. ಆಟವೂ ಉಳಿಯಲಿಲ್ಲವೆಂಬುದೇ ನಮ್ಮ ವಾದ. ಚೌಕಾಬಾರವನ್ನು ತೆಗೆದುಕೊಳ್ಳೋಣ. ಐದೈದು ಸಾಲಿನ 25 ಮನೆಗಳು, ನಾಲ್ಕು ಕವಡೆಗಳು. ಅಂಗಾತ ಬಿದ್ದ ಕವಡೆಗಳೆಷ್ಟೋ ಅಷ್ಟು ನಡೆ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂದರೆ ಎಂಟು. ಕವಡೆಯು ಎರಡು ಮಗ್ಗುಲಿಗೂ ಸಮನಾಗಿ ಬೀಳುವುದೆಂದು ಹಿಡಿದರೆ, ಬೀಳುವ ಬಗೆಗಳು 16. ಅವುಗಳಲ್ಲಿ ಎರಡು ಬೀಳುವುದು 6 ಬಗೆ. ಒಂದು ಮತ್ತು ಮೂರು, ತಲಾ 4 ಬಗೆ. ಚೌಕಕ್ಕೂ ಬಾರಕ್ಕೂ ಒಂದೊಂದೇ ಬಗೆ. ಆದುದರಿಂದಲೇ ಬಾರ ಬಿದ್ದಾಗ ಕಟ್ಟೆಯ ಮೇಲೆ ಕೂಗೇಳುವುದು. ಆದುದರಿಂದಲೇ ಎದುರಾಳಿಯ ಕಾಯಿಗೆ ಎರಡು ಮನೆ ಮುಂದೆ ನಿಲ್ಲಲು ಜಾಣರು ಅಂಜುವುದು. ಆರು ಮುಖದ ದಾಳದಲ್ಲಿ ಪ್ರತಿಯೊಂದು ಸಂಖ್ಯೆಯೂ ಸಮ. ಅಲ್ಲಿ ಈ ಲೆಕ್ಕವೂ ಇಲ್ಲ, ಈ ಅಂಜಿಕೆಯೂ ಇಲ್ಲ. ಕವಡೆಯನ್ನು ತೆಗೆದು ದಾಳವನ್ನಿಟ್ಟವನು ಆಟದ ಬುದ್ಧಿಯನ್ನೇ ತೆಗೆದನು. ಜಪಾನಿನವರು ಬಣ್ಣ ಬದಲಿಸಿ ನಿಯಮವನ್ನು ಉಳಿಸಿದರು. ನಮ್ಮ ಆಟಕ್ಕಾದರೋ ನಿಯಮವು ಹೋಗಿ ಬಣ್ಣ ಮಾತ್ರ ಉಳಿಯಿತು.

ಹಳೆಯದನ್ನು ಹೊಸ ಪಾತ್ರೆಗೆ ಹೊಯ್ಯುವ ವಿದ್ಯೆ ಈ ಸೀಮೆಗೆ ಅಪರಿಚಿತವಲ್ಲ. ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ದಂಡಿಯ ಸಂಸ್ಕೃತ ಲಕ್ಷಣಗ್ರಂಥವನ್ನು ಆಧಾರವಾಗಿರಿಸಿಕೊಂಡು ‘ಕವಿರಾಜಮಾರ್ಗ’ವು ರಚಿತವಾಯಿತು. ಅದು ಬರಿಯ ಭಾಷಾಂತರವಲ್ಲ. ಕನ್ನಡದ ಜಾಯಮಾನಕ್ಕೆ ಯಾವುದು ಒಗ್ಗುವುದು, ಯಾವುದು ಒಗ್ಗದು ಎಂಬ ವಿವೇಚನೆಯು ಅದರಲ್ಲಿದೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 19ನೆಯ ಶತಮಾನದಲ್ಲಿ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯೊಳಗೆ ಹಾಸಿನ ಆಟಗಳಿಗೂ ಸ್ಥಾನ ಕೊಟ್ಟರು. ಅದೇ ಊರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಈ ಆಟಗಳ ಪಟಗಳನ್ನೂ ಕಾಯಿಗಳನ್ನೂ ಮತ್ತೆ ಮಾಡಿಸಿ, ಪ್ರದರ್ಶಿಸಿ ಜನರ ಕೈಗೆ ಕೊಟ್ಟಿದ್ದಾರೆ. ಇದು ಸ್ತುತ್ಯವಾದ ಕಾರ್ಯ. ಮರ, ಬಟ್ಟೆಗಳಲ್ಲಿ ಆದುದು ಯಂತ್ರದಲ್ಲಿಯೂ ಆಗಬೇಕು.

ತೊಗರಿಗೆ ಬೆಲೆ ಸಿಕ್ಕದೆ ರೈತನು ಕಂಗೆಟ್ಟಿರುವಾಗ ಆಟದ ಮಾತೇಕೆ ಎಂದು ಕೆಲವರು ಆಕ್ಷೇಪಿಸಬಹುದು. ತೊಗರಿಯ ಪ್ರಶ್ನೆಯು ದೊಡ್ಡದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ರೈತನ ಮಗನು ದಿನದ ಎಷ್ಟೋ ಹೊತ್ತು ಯಂತ್ರದಾಟದಲ್ಲಿ ಮುಳುಗಿರುವನೆಂಬುದೂ ಅಷ್ಟೇ ನಿಜ. ಆಡುವನೋ ಇಲ್ಲವೋ ಎಂಬುದು ಈಗ ಪ್ರಶ್ನೆಯಲ್ಲ; ಯಾರ ಆಟವನ್ನು, ಯಾವ ಭಾಷೆಯಲ್ಲಿ ಆಡುವನೆಂಬುದೇ ಪ್ರಶ್ನೆ. ಯಂತ್ರದಾಟವೆಂದರೆ ಜೂಜೆಂಬ ಭೀತಿಗೂ ಉತ್ತರವಿದೆ. ಕರ್ನಾಟಕವು 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ವಿಧಿಗಳನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಶಾಸನವು ಹಣವೊಡ್ಡುವ ಆಟಗಳನ್ನು ಒಂದು ಕಡೆಗೂ, ವಿನೋದದ ಮತ್ತು ವಿದ್ಯೆಯ ಆಟಗಳನ್ನು ಇನ್ನೊಂದು ಕಡೆಗೂ ಬೇರ್ಪಡಿಸಿತು. ನಾವು ಕೇಳುವುದು ಎರಡನೆಯದನ್ನು.

ಸಾಧನಗಳಿಗೆ ಕೊರತೆಯಿಲ್ಲ. ಚಿತ್ರಚಲನೆ ಮತ್ತು ಯಂತ್ರದಾಟಗಳ ಉದ್ಯಮಕ್ಕೆ 2012ರಲ್ಲಿಯೇ ನೀತಿಯನ್ನು ರಚಿಸಿದ ಕೀರ್ತಿ ಕರ್ನಾಟಕದ್ದು. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಅದರ ಫಲವು ಬೆಂಗಳೂರಿನ ಗಡಿಯನ್ನು ದಾಟಬೇಡವೆ? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯವರು ರಸ್ತೆ, ಕಟ್ಟಡಗಳಿಗೆ ಕೊಡುವುದರಲ್ಲಿ ಒಂದು ಅಲ್ಪಭಾಗವನ್ನು ಇದಕ್ಕೆ ತೆಗೆದಿರಿಸಲಿ. ಚಂದಾಪುರದಿಂದ ಶಹಾಬಾದದವರೆಗೆ, ಸೇಡಂನಿಂದ ವಾಡಿಯವರೆಗೆ, ಶಾಲೆಯ ಮಕ್ಕಳು ತಮ್ಮ ಹಿರಿಯರನ್ನು ಕೇಳಿ, ಊರೂರಿನ ಆಟದ ನಿಯಮಗಳನ್ನೂ, ಎಣಿಕೆಯ ಮಾತುಗಳನ್ನೂ ಬರೆದುಕೊಳ್ಳಲಿ. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುವ ತರುಣರು ಅವುಗಳನ್ನು ಯಂತ್ರಕ್ಕೆ ಅಳವಡಿಸಲಿ; ಕವಡೆಯು ಕವಡೆಯಂತೆಯೇ ಬೀಳಲಿ; ತೆರೆಯ ಮೇಲಿನ ಪ್ರತಿಯೊಂದು ಮಾತೂ ಕನ್ನಡದಲ್ಲಿರಲಿ.

ಸಣ್ಣ ತೆರೆಯಲ್ಲಿ ಕನ್ನಡದ ಒತ್ತಕ್ಷರಗಳು ಹಿಡಿಸಲಾರವೆಂಬ ನೆಪವು ಇನ್ನು ಸಲ್ಲದು. 64 ಕಿಲೋಬೈಟುಗಳ ಗೂಡಿನಲ್ಲಿ, 20 ಆಯ್ದ ಅಕ್ಷರಗಳಿಂದ, ಜಪಾನಿನವರು ತಮ್ಮ ಭಾಷೆಯ ಮಾನವನ್ನು ಕಾಯ್ದುಕೊಂಡರು. ಅದರ ಲಕ್ಷಪಾಲು ಅವಕಾಶವು ಈಗ ನಮ್ಮ ಹುಡುಗರ ಅಂಗೈಯಲ್ಲಿದೆ. ಕವಡೆಗಳನ್ನು ಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಅವರಿರುವಾಗಲೇ ಈ ಕೆಲಸಕ್ಕೆ ಕೈಹಾಕಬೇಕು. ನಾವು ಮಾಡದಿದ್ದರೆ ಮತ್ತಾರೋ ಮಾಡಿ, ಮತ್ತಾವುದೋ ಹೆಸರಿನಿಂದ ನಮಗೇ ಮಾರುವರು.