ಗೃಹಯಂತ್ರ ವಿಚಾರ: ಕಂಪ್ಯೂಟರಿನ ಮಿದುಳಿಗೆ ಜ್ವರ ಬಂದರೆ

ಬೇಸಗೆ ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಮನುಷ್ಯರೂ ದನಕರುಗಳೂ ಬಳಲುವಂತೆ ಕಂಪ್ಯೂಟರುಗಳೂ ಬಳಲುವುವು. ಬೆಳಗ್ಗೆ ಚೆನ್ನಾಗಿ ನಡೆದ ಯಂತ್ರವು ಮಧ್ಯಾಹ್ನಕ್ಕೆ ದಣಿದ ಎತ್ತಿನಂತೆ ನಿಂತುಬಿಡುವುದು. ಒಡನೆಯೇ ಮನೆಯವರು “ಪ್ರೊಸೆಸರು ಕೆಟ್ಟಿತು” ಎಂದು ತೀರ್ಮಾನಿಸುವರು. ಈ ಆತುರದ ತೀರ್ಮಾನದಿಂದ ಗೃಹಸ್ಥರಿಗೆ ಎಷ್ಟು ವೃಥಾ ವೆಚ್ಚವಾಗುವುದೆಂಬುದನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇವೆ.

ನಮ್ಮ ಮನೆಯಲ್ಲಿ ನಡೆದುದನ್ನೇ ಹೇಳುವೆವು. ಮಗಳು ಕಾಲೇಜಿನ ಪ್ರವೇಶಕ್ಕೆ ಅರ್ಜಿಯನ್ನು ತುಂಬಬೇಕಾಗಿದ್ದ ವಾರದಲ್ಲಿಯೇ ಆರು ವರ್ಷದ ಹಳೆಯ ಕಂಪ್ಯೂಟರು ನಿಧಾನವಾಗಿ, ಕಡೆಗೆ ತಾನಾಗಿಯೇ ಆರಿಹೋಗತೊಡಗಿತು. ನೋಡಲು ಬಂದ ರಿಪೇರಿಯವರು ಪೆಟ್ಟಿಗೆಯನ್ನು ತೆರೆಯದೆಯೇ, “ಪ್ರೊಸೆಸರು ಹೋಗಿದೆ, ಹೊಸ ಯಂತ್ರವನ್ನೇ ಕೊಳ್ಳಿರಿ” ಎಂದರು. ಕೈಯಲ್ಲಿದ್ದ ಹಣವಾದರೋ ಮಗಳ ಮೊದಲ ವರ್ಷದ ಶುಲ್ಕಕ್ಕೆಂದು ತೆಗೆದಿಟ್ಟುದಾಗಿತ್ತು. ಅದನ್ನು ಮುಟ್ಟುವುದಕ್ಕೆ ಮೊದಲು ಒಂದು ದಿನ ನಾವೇ ಪರೀಕ್ಷಿಸಿ ನೋಡೋಣವೆಂದು ಕುಳಿತೆವು.

ಪ್ರೊಸೆಸರೆಂಬುದು ಸಿಲಿಕಾನಿನ ಒಂದು ಸಣ್ಣ ಬಿಲ್ಲೆ. ಯಂತ್ರದ ಲೆಕ್ಕಗಳಲ್ಲಿ ಮುಖ್ಯವಾದುವೆಲ್ಲ ಇದರಲ್ಲಿ ನಡೆಯುವುವು, ನಡೆಯುವಾಗ ಬಿಸಿಯೇಳುವುದು. ಆ ಬಿಸಿಯನ್ನು ಲೋಹದ ಹಲ್ಲುಗಳೂ ಸಣ್ಣ ಫ್ಯಾನೂ ಸೇರಿ ಹೊರಕ್ಕೆ ಸಾಗಿಸತಕ್ಕದ್ದು. ಅವು ಸಾಗಿಸಲಾರದೆ ಶಾಖವು ಸುಮಾರು 95 ರಿಂದ 100 ಡಿಗ್ರಿ ಸೆಲ್ಸಿಯಸ್ಸಿಗೆ ಏರಿದರೆ, ಈಗಿನ ಪ್ರೊಸೆಸರುಗಳು ಬಹುಮಟ್ಟಿಗೆ ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುವುವು. ಇನ್ನೂ ಏರಿದರೆ ಯಂತ್ರವನ್ನೇ ನಿಲ್ಲಿಸಿಬಿಡುವುವು. ಇದು ರೋಗವಲ್ಲ, ಆತ್ಮರಕ್ಷಣೆ. ಪಾವಗಡ ತಾಲ್ಲೂಕಿನಲ್ಲಿ ತಿರುಮಣಿಯ ಸುತ್ತ ಹರಡಿರುವ 2,050 ಮೆಗಾವ್ಯಾಟಿನ ಸೌರ ಉದ್ಯಾನವನ್ನು ಕಂಡವರಿಗೆ ಇದು ಸುಲಭವಾಗಿ ಮನದಟ್ಟಾದೀತು. ಸಿಲಿಕಾನಿನ ಸೌರಫಲಕವು ಬಿಸಿಲಿನಿಂದಲೇ ವಿದ್ಯುತ್ತನ್ನು ಕೊಡುವುದಾದರೂ, ತೀರ ಕಾದಾಗ ಅದರ ಉತ್ಪತ್ತಿಯು ತಗ್ಗುವುದು. ಧೂಳು ಕುಳಿತರೆ ಮತ್ತಷ್ಟು ತಗ್ಗುವುದು. ಅಷ್ಟಕ್ಕೆ ಫಲಕವನ್ನು ಯಾರೂ ಬಿಸಾಡುವುದಿಲ್ಲ, ಧೂಳನ್ನು ತೆಗೆಯುವರು.

ಪರೀಕ್ಷೆಯ ಕ್ರಮವು ಹೀಗೆ. ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುವುದು. ಯಂತ್ರವು ನಿಧಾನವಾಗಿರುವಾಗಲೇ ಅದನ್ನು ನೋಡತಕ್ಕದ್ದು. ಪ್ರೊಸೆಸರಿನ ದುಡಿಮೆ ಕಡಮೆಯಾಗಿದ್ದು ಡಿಸ್ಕು ಶೇಕಡ 100ರಲ್ಲಿಯೇ ನಿಂತಿದ್ದರೆ ತಪ್ಪು ಡಿಸ್ಕಿನ ಕಡೆಯದು. ಹಳೆಯ ತಿರುಗುವ ಡಿಸ್ಕಿನ ಬದಲು ಎಸ್ಎಸ್‌ಡಿ ಹಾಕಿಸಿದರೆ ಯಂತ್ರಕ್ಕೆ ಹೊಸ ಜೀವ ಬರುವುದುಂಟು. ಮೆಮೊರಿ ತುಂಬಿದ್ದರೆ ಅದನ್ನು ಹೆಚ್ಚಿಸತಕ್ಕದ್ದು. ಪ್ರೊಸೆಸರೇ ಪೂರ್ತಿ ದುಡಿಯುತ್ತಿದ್ದರೆ ಯಾವ ಪ್ರೋಗ್ರಾಮು ಅದನ್ನು ದುಡಿಸುತ್ತಿದೆಯೆಂದು ಹುಡುಕತಕ್ಕದ್ದು. ಪೂರ್ತಿ ದುಡಿಯುತ್ತಿರುವಾಗಲೂ ಅದರ ವೇಗವು ಅಲ್ಲಿಯೇ ತೋರಿಸಿರುವ ಮೂಲವೇಗಕ್ಕಿಂತ ಬಹಳ ಕೆಳಗಿದ್ದರೆ ಶಾಖವನ್ನು ಸಂಶಯಿಸಬೇಕು. ಕೋರ್ ಟೆಂಪ್ ಎಂಬಂಥ ಸಣ್ಣ ಪ್ರೋಗ್ರಾಮು ಶಾಖದ ಡಿಗ್ರಿಯನ್ನು ತೋರಿಸುವುದು.

ನಮ್ಮ ಯಂತ್ರವು 98 ಡಿಗ್ರಿಯನ್ನು ತೋರಿಸಿತು. ವಿದ್ಯುತ್ತಿನ ತಂತಿಯನ್ನು ಕಳಚಿ ಪೆಟ್ಟಿಗೆಯನ್ನು ತೆರೆದೆವು. ಫ್ಯಾನಿನ ಕೆಳಗೆ, ಲೋಹದ ಹಲ್ಲುಗಳ ನಡುವೆ, ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು, ಒಣ ಕುಂಚದಿಂದ ಧೂಳನ್ನು ತೆಗೆದೆವು. ಒದ್ದೆ ಬಟ್ಟೆಯನ್ನು ಮಾತ್ರ ಸೋಕಿಸಲಿಲ್ಲ. ಒಣಗಿಹೋಗಿದ್ದ ಶಾಖವಾಹಕ ಪೇಸ್ಟನ್ನು ತಿಳಿದವರಿಂದ ಹೊಸದಾಗಿ ಹಚ್ಚಿಸಿದೆವು. ಲ್ಯಾಪ್‌ಟಾಪನ್ನು ತೆರೆಯುವ ಕೆಲಸವನ್ನು ಅಂಥವರಿಗೇ ಬಿಡುವುದು ಲೇಸು. ಹಾಸಿಗೆಯ ಮೇಲೆ ಅದನ್ನಿಟ್ಟು ಗಾಳಿಯ ದಾರಿಯನ್ನು ಮುಚ್ಚದಿರುವುದಂತೂ ಎಲ್ಲರ ಕೈಯಲ್ಲಿದೆ.

ಪ್ರೊಸೆಸರು ಕೆಡುವುದೇ ಇಲ್ಲವೆಂದು ನಮ್ಮ ಅಭಿಪ್ರಾಯವಲ್ಲ. 1994ರಲ್ಲಿ ಅಮೆರಿಕದ ಗಣಿತಾಧ್ಯಾಪಕ ಥಾಮಸ್ ನೈಸ್ಲಿಯವರು ಇಂಟೆಲ್ಲಿನ ಪೆಂಟಿಯಮ್ ಕೆಲವು ಭಾಗಾಕಾರಗಳಲ್ಲಿ ತಪ್ಪುವುದನ್ನು ಬಯಲಿಗೆ ತಂದರು. ಕೇಳಿದವರಿಗೆ ಕಂಪನಿಯು ಅದನ್ನು ಬದಲಿಸಿಕೊಡಬೇಕಾಯಿತು. 2024ರಲ್ಲಿ ಅದೇ ಕಂಪನಿಯ 13 ಮತ್ತು 14ನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಧಿಕ ವೋಲ್ಟೇಜಿನಿಂದ ಬರುಬರುತ್ತ ಕೆಡುವುದು ತಿಳಿದುಬಂದು, ಅವುಗಳ ಖಾತರಿಯನ್ನು ಎರಡು ವರ್ಷ ಹೆಚ್ಚಿಸಲಾಯಿತು. ಅಂಥವನ್ನುಳ್ಳವರು ಬಯಾಸನ್ನು ಹೊಸದಾಗಿಸಿಕೊಳ್ಳತಕ್ಕದ್ದು. ಇದು ಕೆಡುವುದನ್ನು ತಡೆಯುವುದೇ ಹೊರತು ಕೆಟ್ಟುದನ್ನು ಸರಿಪಡಿಸದು. ಯಂತ್ರವು ತಣ್ಣಗಿರುವಾಗಲೂ ಮೇಲಿಂದ ಮೇಲೆ ನೀಲಿ ಪರದೆ ಬಂದರೆ, ಮೊದಲು ಮೆಮೊರಿಯನ್ನೂ ವಿದ್ಯುತ್ ಪೂರೈಸುವ ಭಾಗವನ್ನೂ ಪರೀಕ್ಷಿಸಿ, ಅವು ನೆಟ್ಟಗಿದ್ದರೆ ಮಾತ್ರ ಪ್ರೊಸೆಸರನ್ನು ಸಂಶಯಿಸುವುದು ಯುಕ್ತ.

ನಮ್ಮ ಯಂತ್ರದ ಶಾಖವು 70 ಡಿಗ್ರಿಯ ಆಸುಪಾಸಿಗೆ ಇಳಿಯಿತು. ಮಗಳ ಅರ್ಜಿಯು ಕಡೆಯ ದಿನಕ್ಕೆ ಮೊದಲೇ ಹೋಯಿತು. ಶುಲ್ಕದ ಹಣವು ಶುಲ್ಕಕ್ಕೇ ಸಂದಿತು. ಆದುದರಿಂದ ನಮ್ಮ ವಾಚಕರು ಪ್ರೊಸೆಸರು ಕೆಟ್ಟಿತೆಂದು ಹೇಳುವವರನ್ನು ಎರಡೇ ಪ್ರಶ್ನೆಗಳನ್ನು ಕೇಳಲಿ: ಶಾಖವೆಷ್ಟು? ವೇಗವೆಷ್ಟು? ನಾಡಿ ನೋಡದೆ ಔಷಧ ಕೊಡುವ ವೈದ್ಯರನ್ನು ನಾವು ಒಪ್ಪುವುದಿಲ್ಲ. ಯಂತ್ರದ ವಿಷಯದಲ್ಲಿಯೂ ಹಾಗೆಯೇ ನಡೆಯುವುದು ಗೃಹಸ್ಥರಿಗೆ ಕ್ಷೇಮ.