ಲ್ಯಾಬಿನಲ್ಲಿ ಗೆದ್ದ ಔಷಧಿ ಹೊಲದಲ್ಲೂ ಗೆಲ್ಲುತ್ತಾ?

‘ಲ್ಯಾಬ್ ಟೆಸ್ಟೆಡ್, ಬಯೋಫಿಲ್ಮ್ ತಡೆಯುತ್ತೆ’ ಅಂತ ಬರೆದಿದ್ದ ಬಾಟಲಿ ನೋಡಿ ಕಳೆದ ವರ್ಷ ನಾನೂ ದುಡ್ಡು ಕೊಟ್ಟೆ. ಟೊಮೆಟೊ ಸೊರಗೋದು ನಿಲ್ಲಲಿಲ್ಲ. ಆಮೇಲೆ ಆ ಪರೀಕ್ಷೆ ಹೇಗೆ ಮಾಡ್ತಾರೆ ಅಂತ ಓದಿದೆ.

ಬಯೋಫಿಲ್ಮ್ ಅಂದ್ರೆ ಶಿಲೀಂಧ್ರಗಳು ಒಂದಕ್ಕೊಂದು ಅಂಟಿಕೊಂಡು ಸುತ್ತ ಲೋಳೆ ಪದರ ಕಟ್ಟಿಕೊಳ್ಳೋದು. ಸೊರಗು ರೋಗದ ಫ್ಯುಸೇರಿಯಂ ಕೂಡ ಇಂಥ ಪದರ ಕಟ್ಟಬಲ್ಲದು. ಒಳಗೆ ಕೂತ ಶಿಲೀಂಧ್ರಕ್ಕೆ ಔಷಧಿ ಸುಲಭವಾಗಿ ನಾಟೋದಿಲ್ಲ.

ಲ್ಯಾಬಿನಲ್ಲಿ 96 ಗುಳಿಗಳ ಪ್ಲೇಟಿಗೆ ಶಿಲೀಂಧ್ರ, ಔಷಧಿ ಎರಡನ್ನೂ ಹಾಕಿ, ಒಂದೆರಡು ದಿನ ಬಿಟ್ಟು ತೊಳೀತಾರೆ. ಅಂಟಿ ಉಳಿದದ್ದಕ್ಕೆ ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ ಅಳೀತಾರೆ. ಬಣ್ಣ ಕಡಿಮೆಯಾದ್ರೆ ಪದರವೂ ಕಡಿಮೆ. ಆದರೆ ಈ ಬಣ್ಣ ಸತ್ತ ಕೋಶಕ್ಕೂ ಹತ್ತುತ್ತೆ. ಬದುಕಿರೋದು ಎಷ್ಟು ಅಂತ ತಿಳಿಯೋಕೆ ಎಕ್ಸ್‌ಟಿಟಿಯಂಥ ಬೇರೆ ಪರೀಕ್ಷೆ ಬೇಕು.

ಪರೀಕ್ಷೆ ಸುಳ್ಳಲ್ಲ, ಅದು ಮೊದಲ ಮೆಟ್ಟಿಲು ಅಷ್ಟೆ. ಪ್ಲೇಟಿನಲ್ಲಿ ಮಣ್ಣಿಲ್ಲ, ಮಳೆಯಿಲ್ಲ, ಬೇರಿಲ್ಲ. ಇನ್ನೊಂದು ಮಾತು: ಪದರ ಕಟ್ಟದಂತೆ ತಡೆಯೋದು ಬೇರೆ, ಕಟ್ಟಿದ ಪದರ ಒಡೆಯೋದು ಬೇರೆ. ನಾನು ಔಷಧಿ ಹಾಕಿದ್ದು ಗಿಡ ಸೊರಗಿದ ಮೇಲೆ!

ಅದಕ್ಕೇ ಅಂಗಡೀಲಿ ಮೂರು ಪ್ರಶ್ನೆ ಕೇಳಿ. ಯಾವ ಶಿಲೀಂಧ್ರದ ಮೇಲೆ ಟೆಸ್ಟ್ ಮಾಡಿದ್ದಾರೆ? ಎಷ್ಟು ಪಿಪಿಎಂನಲ್ಲಿ? ಹೊಲದಲ್ಲಿ, ಔಷಧಿ ಹಾಕದ ಸಾಲಿನ ಜೊತೆ ಹೋಲಿಸಿ ನೋಡಿದ್ದಾರಾ? ಉತ್ತರ ಸಿಗದಿದ್ರೆ ದುಡ್ಡು ಜೇಬಲ್ಲೇ ಇರಲಿ. ಸಿಕ್ಕರೂ ಮೊದಲು ನಾಲ್ಕು ಸಾಲಿಗೆ ಹಾಕಿ ನೋಡಿ. ನಿಮ್ಮ ಹೊಲಾನೇ ಕೊನೆಯ ಲ್ಯಾಬು.