ನಗದು ನೆರವು: ಮೊತ್ತದಷ್ಟೇ ಮುಖ್ಯ ಅದು ಕೈಸೇರುವ ಕಾಲ



ಎರಡು ಎಕರೆ ಖುಷ್ಕಿಯಲ್ಲಿ ರಾಗಿ ಬೆಳೆಯುವ ಕುಟುಂಬವೊಂದರ ಲೆಕ್ಕವನ್ನು ಪರಿಶೀಲಿಸೋಣ. ಕೂರಿಗೆ ಬಿತ್ತನೆಗೆ ಎಕರೆಗೆ ನಾಲ್ಕೈದು ಕಿಲೋ ಬೀಜ ಸಾಕಾಗುವುದರಿಂದ ಬೀಜದ ಖರ್ಚು ಹೊರೆಯಲ್ಲ. ಹೊರೆಯಾಗುವುದು ಟ್ರ್ಯಾಕ್ಟರ್ ಬಾಡಿಗೆ, ಗೊಬ್ಬರ ಮತ್ತು ಕಳೆ ತೆಗೆಯುವ ಕೂಲಿ. ಕೈಯಲ್ಲಿ ಹಣವಿಲ್ಲದಿದ್ದಾಗ ಗೊಬ್ಬರವನ್ನು ಅಂಗಡಿಯಿಂದ ಉದ್ದರಿಯಾಗಿ ತರಲಾಗುತ್ತದೆ. ಉದ್ದರಿ ತಂದವನಿಗೆ ಆಯ್ಕೆಯಿಲ್ಲ. ರಾಗಿಗೆ ಬೇಕಿಲ್ಲದ 'ಟಾನಿಕ್' ಬಾಟಲಿಯೂ ಅದರೊಡನೆ ಮನೆಗೆ ಬರುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ.

ನಿಜವಾದ ನಷ್ಟ ಸುಗ್ಗಿಯಲ್ಲಿ ಸಂಭವಿಸುತ್ತದೆ. 2025-26ನೇ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂ. ಆದರೆ ಖರೀದಿ ಕೇಂದ್ರದಲ್ಲಿ ನೋಂದಣಿ, ಸರದಿ, ಹಣ ಜಮೆ ಎಲ್ಲಕ್ಕೂ ವಾರಗಳು ಹಿಡಿಯುತ್ತವೆ. ಸಾಲಗಾರ ಬಾಗಿಲಲ್ಲಿ ನಿಂತಿರುವಾಗ ಕುಟುಂಬ ಕಣದಲ್ಲಿಯೇ ವ್ಯಾಪಾರಿಗೆ ಅಳೆದುಕೊಡುತ್ತದೆ. ಊಟಕ್ಕೆ ಉಳಿಸಿಕೊಂಡು ಎಂಟು ಕ್ವಿಂಟಾಲ್ ಮಾರಿದರೆಂದೂ, ಕ್ವಿಂಟಾಲಿಗೆ 700 ರೂ. ಕಡಿಮೆ ಸಿಕ್ಕಿತೆಂದೂ ಭಾವಿಸಿ. ನಷ್ಟ 5,600 ರೂ. ಪಿಎಂ ಕಿಸಾನ್ ಯೋಜನೆಯಡಿ ವರ್ಷವಿಡೀ ಬರುವ 6,000 ರೂ. ಹೆಚ್ಚುಕಡಿಮೆ ಅಲ್ಲಿಗೇ ಸರಿಹೋಯಿತು. ಇದಕ್ಕೆ ರಾಜ್ಯ ಸರ್ಕಾರ 2019ರಿಂದ ಸೇರಿಸುತ್ತಿದ್ದ 4,000 ರೂ. 2023ರಲ್ಲಿ ನಿಂತುಹೋಗಿದೆ.

ಪಿಎಂ ಕಿಸಾನ್‌ನ ಮೂರನೆಯ ಅವಧಿ ಡಿಸೆಂಬರಿನಿಂದ ಮಾರ್ಚ್‌ವರೆಗೆ. ಆ ಕಂತು ಬಿಡುಗಡೆಯಾದದ್ದು 2023ರಲ್ಲಿ ಫೆಬ್ರವರಿ 27ರಂದು, 2024ರಲ್ಲಿ ಫೆಬ್ರವರಿ 28ರಂದು, 2025ರಲ್ಲಿ ಫೆಬ್ರವರಿ 24ರಂದು. ನಮ್ಮ ರಾಗಿ ಕಟಾವಾಗುವುದು ನವೆಂಬರ್-ಡಿಸೆಂಬರಿನಲ್ಲಿ. ಅದೇ 2,000 ರೂ. ಡಿಸೆಂಬರಿನ ಮೊದಲ ವಾರ ಬಂದರೆ ಅಂಗಡಿಯ ಬಾಕಿಯಲ್ಲಿ ಒಂದು ಪಾಲು ತೀರಿ, ಖರೀದಿ ಕೇಂದ್ರದ ಸರದಿಗೆ ಕಾಯುವ ಧೈರ್ಯ ಬರುತ್ತದೆ. ಸರ್ಕಾರಕ್ಕೆ ಇದರಿಂದ ಮೊತ್ತದಲ್ಲಿ ಒಂದು ರೂಪಾಯಿಯೂ ಹೆಚ್ಚುವುದಿಲ್ಲ.

ಬರ ಪರಿಹಾರದಲ್ಲಿಯೂ ಇದೇ ತೊಡಕು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂ. ದರದಂತೆ ಎರಡು ಎಕರೆಗೆ ಸುಮಾರು 6,800 ರೂ. ಆಗುತ್ತದೆ. 2023ರ ಮುಂಗಾರಿನ ಬರ ಘೋಷಣೆಯಾದದ್ದು ಸೆಪ್ಟೆಂಬರಿನಲ್ಲಿ, 2,000 ರೂ.ವರೆಗಿನ ಮೊದಲ ಕಂತು ಬಂದದ್ದು 2024ರ ಜನವರಿಯಲ್ಲಿ, ಉಳಿದದ್ದು ಮೇ ತಿಂಗಳಿನಲ್ಲಿ. ಅಷ್ಟರೊಳಗೆ ಎಷ್ಟೋ ಮನೆಗಳ ಹಸು ಸಂತೆ ಸೇರಿತ್ತು.

ಗೃಹಲಕ್ಷ್ಮಿಯ ತಿಂಗಳ 2,000 ರೂ. ಈ ದೃಷ್ಟಿಯಿಂದ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಕೆಲವು ಕಂತುಗಳು ತಡವಾಗಿವೆ, ನಿಜ. ಆದರೂ ಅದು ಮನೆಯ ಯಜಮಾನಿಯ ಕೈಗೆ ಬರುತ್ತದೆ, ಪಹಣಿಯನ್ನು ಕೇಳುವುದಿಲ್ಲ. ಪಿಎಂ ಕಿಸಾನ್ ಪಹಣಿಯನ್ನು ಕೇಳುತ್ತದೆ. 1974ರ ಭೂಸುಧಾರಣೆಯ ನಂತರ ನಮ್ಮಲ್ಲಿ ಗೇಣಿಗೆ ಕಾನೂನಿನ ಮಾನ್ಯತೆ ಇಲ್ಲದಂತಾಗಿದ್ದು, ವಾರಕ್ಕೆ ಮಾಡುವವರ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲ. ಭೂಮಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿರುವ ಮನೆಗಳದ್ದೂ ಅದೇ ಪಾಡು. ಇವರಿಗೆ ಮೊದಲು ಬೇಕಾದದ್ದು ಪೌತಿ ಖಾತೆ.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ಕೋರಿಕೆ. ಅಕ್ಟೋಬರಿನಲ್ಲಿಯೇ ತಮ್ಮ ಹಳ್ಳಿಯ ಸಣ್ಣ ಹಿಡುವಳಿದಾರರ ಫ್ರೂಟ್ಸ್ ಸಂಖ್ಯೆ, ಇ-ಕೆವೈಸಿ ಹಾಗೂ ಖಾತೆಯ ಆಧಾರ್ ಜೋಡಣೆಯನ್ನು ಪರಿಶೀಲಿಸಿರಿ. ಫ್ರೂಟ್ಸ್‌ನಲ್ಲಿ ಸರ್ವೆ ನಂಬರ್ ತಪ್ಪಿದ್ದರೆ ಖರೀದಿ ಕೇಂದ್ರದಲ್ಲಿಯೂ ರಾಗಿ ತೆಗೆದುಕೊಳ್ಳುವುದಿಲ್ಲ. ಗೊಬ್ಬರಕ್ಕೆ ಉದ್ದರಿ ಮಾಡುವ ಮುನ್ನ ಪ್ರಾಥಮಿಕ ಸಹಕಾರ ಸಂಘದ ಬಡ್ಡಿರಹಿತ ಬೆಳೆ ಸಾಲಕ್ಕೆ ಅರ್ಜಿ ಹಾಕಿಸಿರಿ. ಮೇ ತಿಂಗಳೊಳಗೆ ಹಾಕಿದರೆ ಬಿತ್ತನೆಯ ವೇಳೆಗೆ ಹಣ ಸಿಗುವ ಸಂಭವ ಹೆಚ್ಚು.